ಮರುಭೂಮಿಯ ಮನೆಗೆ ಹನ್ನೆರಡು ವೋಲ್ಟು

ರಾತ್ರಿ ಮೂರು ಗಂಟೆಯಿರಬಹುದು. "ಏಳೋ, ಯಂತ್ರ ನಿಂತುಹೋಗಿದೆ" ಎಂದು ಅಕ್ಕ ನನ್ನ ಭುಜ ಹಿಡಿದು ಅಲುಗಾಡಿಸಿದಳು. ಎದ್ದು ಕುಳಿತೆ. ಕತ್ತಲೆ. ಮೈ ನಡುಗಿಸುವ ಚಳಿ. ಪಕ್ಕದ ಮಂಚದ ಮೇಲೆ ಭಾವ ದಿಂಬಿಗೊರಗಿ ಕುಳಿತು ಉಸಿರು ಸರಿಮಾಡಿಕೊಳ್ಳುತ್ತಿದ್ದರು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಅವರಿಗೆ ಬಹಳ ವರ್ಷಗಳಿಂದ ಇದೆ. ರಾತ್ರಿಯಿಡೀ ಮೂಗಿಗೆ ಗಾಳಿ ಒತ್ತುವ ಸಣ್ಣ ಯಂತ್ರವೊಂದು ಓಡುತ್ತಲೇ ಇರಬೇಕು. ಅದು ನಿಂತಿತ್ತು. ಬಿಸಿಗಾಳಿ ಊದುವ ಹೀಟರಿನ ಫ್ಯಾನು ನಿಂತಿತ್ತು. ಅಡುಗೆ ಅನಿಲ ಸೋರಿದರೆ ಕೂಗಿ ಎಬ್ಬಿಸಬೇಕಾದ ಎಚ್ಚರಿಕೆಯ ಪೆಟ್ಟಿಗೆಯೂ ಒಂದೆರಡು ಸಲ ಕೀರಲು ದನಿಯಲ್ಲಿ ಕೂಗಿ ಸುಮ್ಮನಾಗಿತ್ತು.

ನಾವಿದ್ದದ್ದು ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಯಲ್ಲಿ, ಚಕ್ರಗಳ ಮೇಲಿನ ಮನೆಯೊಂದರಲ್ಲಿ. ಹತ್ತಿರದಲ್ಲಿ ಕರೆಂಟಿನ ಕಂಬವೇ ಇಲ್ಲ. ಬೆಳಗಾಗಲು ಇನ್ನೂ ಮೂರು ಗಂಟೆ. ಅಷ್ಟು ಹೊತ್ತೂ ಅಕ್ಕ ಭಾವನ ಪಕ್ಕದಿಂದ ಏಳಲಿಲ್ಲ. ಅವರು ತೂಕಡಿಸಿದಾಗಲೆಲ್ಲ "ಏನೂಂದ್ರೆ" ಎಂದು ಮೆಲ್ಲಗೆ ಕರೆಯುತ್ತಿದ್ದಳು.

2023ರ ಜನವರಿ ಕೊನೆಯ ವಾರದ ಮಾತಿದು. ಭಾವ ನಿವೃತ್ತ ಸಿವಿಲ್ ಎಂಜಿನಿಯರ್. ಫೀನಿಕ್ಸ್ ನಗರದ ಹೊರವಲಯದಲ್ಲಿ ಅವರ ವಾಸ. ನಿವೃತ್ತಿಯ ನಂತರ ಹಳೆಯದೊಂದು ಟ್ರೈಲರ್ ಮನೆ ಕೊಂಡು, ಪಿಕಪ್ ವಾಹನಕ್ಕೆ ಸಿಕ್ಕಿಸಿ, ಚಳಿಗಾಲದಲ್ಲಿ ಊರೂರು ಸುತ್ತುವ ಹವ್ಯಾಸ ಬೆಳೆಸಿಕೊಂಡಿದ್ದಾರೆ. "ಮೇಷ್ಟ್ರೇ, ಕಲ್ಲು ನೋಡೋದಾದ್ರೆ ಒಂದೂರಿಗೆ ಕರ್ಕೊಂಡು ಹೋಗ್ತೀನಿ ಬಾ" ಎಂದು ನನ್ನನ್ನು ಹೊರಡಿಸಿದವರು ಅವರೇ.

ಆ ಊರಿನ ಹೆಸರು ಕ್ವಾರ್ಟ್ಸ್‌ಸೈಟ್. ಫೀನಿಕ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್. ಕ್ಯಾಲಿಫೋರ್ನಿಯಾದ ಗಡಿಯಾದ ಕೊಲರಾಡೊ ನದಿ ಅಲ್ಲಿಂದ ದೂರವಲ್ಲ. ಕ್ವಾರ್ಟ್ಜೈಟ್ ಎಂಬ ಗಟ್ಟಿ ಶಿಲೆಯ ಹೆಸರೇ ಕಾಗುಣಿತ ತಪ್ಪಿ ಊರಿಗೆ ಅಂಟಿಕೊಂಡಿತೆಂದು ಹೇಳುತ್ತಾರೆ. 2020ರ ಜನಗಣತಿಯ ಪ್ರಕಾರ ಅಲ್ಲಿಯ ಖಾಯಂ ಜನಸಂಖ್ಯೆ ಎರಡೂವರೆ ಸಾವಿರವನ್ನೂ ಮುಟ್ಟುವುದಿಲ್ಲ. ಆದರೆ ಜನವರಿಯಲ್ಲಿ ಹೋಗಿ ನೋಡಿ! ಉತ್ತರದ ಹಿಮ ತಪ್ಪಿಸಿಕೊಂಡು ಬರುವ ವೃದ್ಧ ದಂಪತಿಗಳ ಮನೆಬಂಡಿಗಳು ಕಣ್ಣು ಹಾಯುವವರೆಗೂ ನಿಂತಿರುತ್ತವೆ. ನಮ್ಮ ಕಡೆ ದೊಡ್ಡ ಜಾತ್ರೆಗೆ ಗಾಡಿ ಕಟ್ಟಿಕೊಂಡು ಬಂದು ಬಯಲಲ್ಲಿ ಬೀಡುಬಿಡುವವರ ನೆನಪಾಯಿತು.

ಊರ ದಕ್ಷಿಣಕ್ಕೆ ಲಾ ಪೋಸಾ ಎಂಬ ಸರ್ಕಾರಿ ಬಯಲು. ವಿಸ್ತಾರ 11,400 ಎಕರೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ದೀರ್ಘಕಾಲ ತಂಗಲು ಬರುವವರಿಗಾಗಿ 1983ರಲ್ಲಿ ಇಂಥ ವ್ಯವಸ್ಥೆ ಆರಂಭವಾಯಿತು. ನಾವು ಹದಿನಾಲ್ಕು ದಿನಕ್ಕೆಂದು 40 ಡಾಲರ್ ಕೊಟ್ಟು ಚೀಟಿ ಪಡೆದೆವು. ಸಿಗುವುದು ನೆಲ, ಆಕಾಶ, ಮೌನ. ನಿಂತ ಜಾಗಕ್ಕೆ ನಲ್ಲಿಯಿಲ್ಲ, ವಿದ್ಯುತ್ತಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲವಾದ್ದರಿಂದ ಜನರೇಟರೂ ಆ ಹೊತ್ತಿನಲ್ಲಿ ಸುಮ್ಮನಿರಬೇಕು.

ಎರಡು ಬಗೆಯ ವಿದ್ಯುತ್ತು

ಇಂಥ ಬಂಡಿಮನೆಯಲ್ಲಿ ಎರಡು ಬಗೆಯ ವಿದ್ಯುತ್ತು ಹರಿಯುತ್ತದೆ. ಒಂದು, ಅಮೆರಿಕದ ಮನೆಗಳಲ್ಲಿರುವ 120 ವೋಲ್ಟಿನ ಎ.ಸಿ. ಹೊರಗಿನ ಪ್ಲಗ್ಗಿನಿಂದಲೋ ಜನರೇಟರಿನಿಂದಲೋ ಇದು ಬರಬೇಕು. ಇನ್ನೊಂದು, ಬ್ಯಾಟರಿಯ 12 ವೋಲ್ಟಿನ ಡಿ.ಸಿ. ದೀಪ, ನೀರಿನ ಪಂಪು, ಹೀಟರಿನ ಫ್ಯಾನು, ಅನಿಲದ ಎಚ್ಚರಿಕೆ ಪೆಟ್ಟಿಗೆ, ಭಾವನ ಉಸಿರಿನ ಯಂತ್ರ ಇವೆಲ್ಲ ಇದರ ಮೇಲೆ ನಡೆಯುತ್ತವೆ. 120 ವೋಲ್ಟಿನ ಎ.ಸಿ.ಯನ್ನು 12 ವೋಲ್ಟಿನ ಡಿ.ಸಿ.ಯಾಗಿಸಿ, ಮನೆಗೂ ಕೊಟ್ಟು ಬ್ಯಾಟರಿಗೂ ತುಂಬುವ ಪೆಟ್ಟಿಗೆಗೆ ಕನ್ವರ್ಟರ್ ಎಂದು ಹೆಸರು.

ನಮ್ಮ ಮನೆಗಳಲ್ಲಿರುವ ಇನ್ವರ್ಟರ್ ಇದಕ್ಕೆ ವಿರುದ್ಧ ದಿಕ್ಕಿನದು. ಕರೆಂಟು ಹೋದಾಗ ಅದು ಬ್ಯಾಟರಿಯ ಡಿ.ಸಿ.ಯನ್ನು 230 ವೋಲ್ಟಿನ ಎ.ಸಿ.ಯಾಗಿಸುತ್ತದೆ. ಕರೆಂಟು ಬಂದಾಗ ಬ್ಯಾಟರಿಗೆ ತುಂಬುವ ಚಾರ್ಜರ್ ಕೂಡ ಅದರೊಳಗೇ ಇರುತ್ತದೆ. ಬಂಡಿಮನೆಯ ಕನ್ವರ್ಟರ್ ಎಂದರೆ ಆ ಚಾರ್ಜರಿನ ಅಣ್ಣ ಎಂದುಕೊಳ್ಳಿ.

ಬೆಳಿಗ್ಗೆ ಆರಕ್ಕೆ, ಸೂರ್ಯ ಹುಟ್ಟುವ ಮೊದಲೇ, ಭಾವನ ಪೆಟ್ಟಿಗೆಯಲ್ಲಿದ್ದ ಮಲ್ಟಿಮೀಟರ್ ಹಿಡಿದು ಹೊರಗೆ ಹೋದೆ. ತಲಾ 6 ವೋಲ್ಟಿನ ಎರಡು ಬ್ಯಾಟರಿಗಳು ಸರಣಿಯಲ್ಲಿ ಜೋಡಿಸಿದ್ದವು. ಒಟ್ಟು 12 ವೋಲ್ಟು, 220 ಆಂಪಿಯರ್-ಗಂಟೆ. ಪೂರ್ಣ ತುಂಬಿ ವಿಶ್ರಾಂತಿಯಲ್ಲಿರುವ ಸೀಸ-ಆಮ್ಲ ಬ್ಯಾಟರಿ 12.6ರ ಮೇಲೆ ತೋರಿಸಬೇಕು. ಅರ್ಧ ಖಾಲಿಯಾದರೆ ಸುಮಾರು 12.1. ಮೀಟರು ತೋರಿಸಿದ್ದು 11.3!

"ಬ್ಯಾಟರಿ ಸತ್ತಿದೆ, ಹೊಸದು ತರೋಣ" ಎಂದರು ಭಾವ. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಜನರೇಟರ್ ಚಾಲೂ ಮಾಡಿ ಮತ್ತೆ ನೋಡಿದಾಗಲೂ ಮೀಟರು 11.3ರಲ್ಲೇ ನಿಂತಿತು. ಕನ್ವರ್ಟರ್ ಬದುಕಿದ್ದರೆ ಅದು ಕೂಡಲೇ ಮೇಲೇರಬೇಕಿತ್ತು. ಕನ್ವರ್ಟರಿನ ಪ್ಲಗ್ಗಿಗೆ 120 ವೋಲ್ಟು ಸರಿಯಾಗಿ ಬರುತ್ತಿತ್ತು. ಬ್ಯಾಟರಿಯ ತಂತಿಗಳನ್ನು ಯಾರಾದರೂ ತಿರುಗುಮುರುಗು ಹಾಕಿದರೆ ತಾವು ಸುಟ್ಟು ಉಳಿದುದನ್ನು ಕಾಪಾಡುವ ಎರಡು ಫ್ಯೂಸುಗಳು ಈ ಪೆಟ್ಟಿಗೆಯಲ್ಲಿರುತ್ತವೆ. ಅವು ಸುಟ್ಟದ್ದು ತಿಳಿಯದೆ ಹೊಸ ಕನ್ವರ್ಟರ್ ಕೊಳ್ಳುವವರೂ ಉಂಟು. ನಮ್ಮವು ಗಟ್ಟಿಯಾಗಿದ್ದವು. ಆದರೆ ಪೆಟ್ಟಿಗೆಯ ಫ್ಯಾನು ಮರುಭೂಮಿಯ ಧೂಳು ಮೆತ್ತಿ ಬಿಗಿದುಕೊಂಡಿತ್ತು. ಮೂಗಿಗೆ ಸುಟ್ಟ ವಾಸನೆ ಬಡಿಯಿತು.

ಆಗ ನನಗೆ ನಾಚಿಕೆಯಾಯಿತು. ಮೂರು ದಿನಗಳಿಂದ ರಾತ್ರಿ ದೀಪ ಮಂಕಾಗುತ್ತಿದ್ದುದನ್ನು ನಾನು ಕಂಡಿದ್ದೆ. ಚಾವಣಿಯ ಮೇಲಿನ 100 ವಾಟಿನ ಒಂದೇ ಸೌರಫಲಕ, ಚಳಿಗಾಲದ ಓರೆ ಬಿಸಿಲಿನಲ್ಲಿ ನಮ್ಮ ರಾತ್ರಿಯ ಖರ್ಚಿನ ಅರ್ಧವನ್ನೂ ತುಂಬುತ್ತಿರಲಿಲ್ಲ. ಜನರೇಟರ್ ದಿನಾ ಎರಡು ಗಂಟೆ ಗುರುಗುಟ್ಟುತ್ತಿತ್ತು. ಬ್ಯಾಟರಿ ತುಂಬುತ್ತಿದೆ ಎಂದು ನಾವು ನಂಬಿದ್ದೆವು. ತರಗತಿಯಲ್ಲಿ "ಊಹಿಸಬೇಡಿ, ಅಳೆಯಿರಿ" ಎಂದು ವರ್ಷವರ್ಷವೂ ಹೇಳುವ ನಾನು, ಕೈಗೆಟಕುವಂತಿದ್ದ ಮೀಟರನ್ನು ಮುಟ್ಟದೆ, ನಕ್ಷತ್ರ ತೋರಿಸುತ್ತಾ ಕುಳಿತಿದ್ದೆ. ಮೊದಲ ಸಂಜೆಯೇ ಒಂದು ನಿಮಿಷ ಅಳೆದಿದ್ದರೆ ಅಕ್ಕನಿಗೆ ಆ ರಾತ್ರಿಯ ಜಾಗರಣೆ ತಪ್ಪುತ್ತಿತ್ತು.

ನೆರೆಯ ಟ್ರೈಲರಿನಲ್ಲಿದ್ದ ಮಿನ್ನೆಸೋಟದ ಮುದುಕರೊಬ್ಬರು ನಮ್ಮ ಗಡಿಬಿಡಿ ಕಂಡು ತಮ್ಮ ಕಾರಿನ ಬ್ಯಾಟರಿ ಚಾರ್ಜರನ್ನು ತಂದುಕೊಟ್ಟರು. ಅವರು ನಿವೃತ್ತ ಎಲೆಕ್ಟ್ರಿಷಿಯನ್. ಜನರೇಟರಿಗೆ ಅದನ್ನು ಸಿಕ್ಕಿಸಿ ಆ ದಿನದ ಸಂಕಟ ದಾಟಿದೆವು.

ದೊಡ್ಡ ಡೇರೆಯಲ್ಲಿ

ಪ್ರತಿ ಜನವರಿಯಲ್ಲಿ ಕ್ವಾರ್ಟ್ಸ್‌ಸೈಟ್‌ನಲ್ಲಿ ಬಂಡಿಮನೆಗಳ ದೊಡ್ಡ ಪ್ರದರ್ಶನ ನಡೆಯುತ್ತದೆ. ಬೃಹತ್ ಡೇರೆಯೊಂದರೊಳಗೆ ಸಾಲು ಸಾಲು ಅಂಗಡಿ. ಚಕ್ರದಿಂದ ಚಮಚದವರೆಗೆ ಎಲ್ಲ ಸಿಗುತ್ತದೆ. ನಮ್ಮ ಅದೃಷ್ಟಕ್ಕೆ ಅದು ಪ್ರದರ್ಶನದ ವಾರವೇ ಆಗಿತ್ತು. ಕನ್ವರ್ಟರುಗಳು 45, 55, 60, 80 ಆಂಪಿಯರ್ ಎಂದು ಬೆಲೆಯ ಚೀಟಿ ಹೊತ್ತು ಕುಳಿತಿದ್ದವು. ಮಾರುವಾತ 80ರದನ್ನು ಎತ್ತಿಕೊಟ್ಟ. "ಸ್ವಲ್ಪ ದೊಡ್ಡದೇ ಇರಲಿ, ಬೇಗ ತುಂಬುತ್ತೆ" ಎಂದರು ಭಾವ. ಹೆಚ್ಚು ಬೆಲೆ ಕೊಟ್ಟರೆ ಹೆಚ್ಚು ಒಳ್ಳೆಯದೆಂಬ ನಂಬಿಕೆ ಎಲ್ಲ ದೇಶಗಳಲ್ಲೂ ಒಂದೇ. "ಭಾವ, ಹತ್ತು ನಿಮಿಷ ತಡೀರಿ" ಎಂದು ನಾನು ಕರಪತ್ರವೊಂದರ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದೆ. ವಿದ್ಯಾರ್ಥಿಗಳು ಇದನ್ನು ತಮ್ಮ ಪುಸ್ತಕದಲ್ಲಿ ಮಾಡಿನೋಡಬಹುದು.

ಮೊದಲು ಬ್ಯಾಟರಿ. ಇಂಥ ಸೀಸ-ಆಮ್ಲ ಬ್ಯಾಟರಿಗೆ ಅದರ ಆಂಪಿಯರ್-ಗಂಟೆಯ ಹತ್ತನೆಯ ಒಂದು ಭಾಗದಿಂದ ಐದನೆಯ ಒಂದು ಭಾಗದವರೆಗಿನ ಪ್ರವಾಹ ಹಿತ. 220ಕ್ಕೆ ಅದು 22ರಿಂದ 44 ಆಂಪಿಯರ್. ನಮ್ಮ ರಾತ್ರಿಯ ಖರ್ಚೆಷ್ಟು? ಉಸಿರಿನ ಯಂತ್ರಕ್ಕೆ 3 ಆಂಪಿಯರಿನಂತೆ ಎಂಟು ಗಂಟೆ, 24. ಹೀಟರಿನ ಫ್ಯಾನಿಗೆ 7ರಂತೆ ನಾಲ್ಕು ಗಂಟೆ, 28. ದೀಪ, ಪಂಪು ಸೇರಿ ಇನ್ನೊಂದು 10. ಒಟ್ಟು 62 ಆಂಪಿಯರ್-ಗಂಟೆ. 45 ಆಂಪಿಯರಿನ ಪೆಟ್ಟಿಗೆ ಇದರ ಬಹುಪಾಲನ್ನು ಎರಡು ಗಂಟೆಯೊಳಗೆ ಹಿಂದಿರುಗಿಸಬಲ್ಲದು. ಕೊನೆಯ ಪಾಲು ಮಾತ್ರ ನಿಧಾನವಾಗಿಯೇ ತುಂಬುತ್ತದೆ. ಅಲ್ಲಿ ಪೆಟ್ಟಿಗೆ ದೊಡ್ಡದಿದ್ದರೂ ಅವಸರ ನಡೆಯದು.

ಎರಡನೆಯದು ಜನರೇಟರ್. ಭಾವನದು ಕೈಯಲ್ಲಿ ಎತ್ತಿಕೊಂಡು ಹೋಗುವ ಸಣ್ಣದು. ಎಡೆಬಿಡದೆ ಕೊಡಬಲ್ಲದ್ದು 1,600 ವಾಟು, ಅಂದರೆ 120 ವೋಲ್ಟಿನಲ್ಲಿ 13.3 ಆಂಪಿಯರ್. 80 ಆಂಪಿಯರಿನ ಕನ್ವರ್ಟರ್ 14.4 ವೋಲ್ಟಿನಲ್ಲಿ 1,152 ವಾಟು ಕೊಡುತ್ತದೆ. ದಕ್ಷತೆ ನೂರಕ್ಕೆ 85 ಎಂದುಕೊಂಡರೆ ಅದು ಒಳಗೆಳೆಯುವುದು 1,355 ವಾಟು. ಸಾಲುತ್ತದಲ್ಲ ಎನ್ನುವಿರಾ? ಇಲ್ಲಿ ಪವರ್ ಫ್ಯಾಕ್ಟರ್ ಎಂಬ ಕಳ್ಳನೊಬ್ಬನಿದ್ದಾನೆ. ಈ ಪೆಟ್ಟಿಗೆಗಳು ವೋಲ್ಟೇಜಿನ ಅಲೆಯ ತುದಿಯಲ್ಲಷ್ಟೇ ಗಬಗಬನೆ ಪ್ರವಾಹ ನುಂಗುತ್ತವೆ. ಅದನ್ನು ಸರಿಪಡಿಸುವ ಮಂಡಲವಿಲ್ಲದ ಮಾದರಿಗಳಲ್ಲಿ ಪವರ್ ಫ್ಯಾಕ್ಟರ್ 0.7ರ ಆಸುಪಾಸಿನಲ್ಲಿರುತ್ತದೆ. 1,355ನ್ನು 0.7ರಿಂದ ಭಾಗಿಸಿದರೆ 1,936 ವೋಲ್ಟ್-ಆಂಪಿಯರ್; ಪ್ರವಾಹ 16 ಆಂಪಿಯರ್ ದಾಟಿತು. ಜನರೇಟರ್ ಕೈಚೆಲ್ಲುತ್ತದೆ. 60ರದಕ್ಕೆ ಇದೇ ಲೆಕ್ಕ 12 ಆಂಪಿಯರ್; ನಡೆಯುತ್ತದೆ, ಆದರೆ ಬೇರೇನನ್ನೂ ಹಾಕುವಂತಿಲ್ಲ. 45ರದಕ್ಕೆ 9 ಆಂಪಿಯರ್. ಇನ್ನೂ ನಾಲ್ಕು ಆಂಪಿಯರ್ ಉಳಿಯುತ್ತದೆ.

"ಹಾಗಾದ್ರೆ ಮಿಕ್ಸಿ?" ಎಂದಳು ಅಕ್ಕ. "ಚಟ್ನಿ ರುಬ್ಬೋ ಎರಡು ನಿಮಿಷ ಕನ್ವರ್ಟರ್ ಆರಿಸಿದ್ರಾಯ್ತು" ಎಂದೆ. ಅವಳಿಗೆ ಸಮಾಧಾನವಾಯಿತು.

ಮೂರನೆಯದು ತಂತಿ. ಹಳೆಯ ಕನ್ವರ್ಟರ್ ಟ್ರೈಲರಿನ ನಡುಭಾಗದಲ್ಲಿತ್ತು. ಬ್ಯಾಟರಿ ಮೂಗಿನಂಥ ಮುಂತುದಿಯಲ್ಲಿ. ನಡುವೆ 20 ಅಡಿ, ಹೋಗಿ ಬರಲು 40 ಅಡಿ. ಅಲ್ಲಿದ್ದ 8 ಗೇಜಿನ ತಾಮ್ರದ ತಂತಿಗೆ ಅಷ್ಟುದ್ದದಲ್ಲಿ ಸುಮಾರು 0.025 ಓಮ್ ರೋಧ. ಅಷ್ಟೇ ತಾನೇ ಎನ್ನಬೇಡಿ. ಓಮ್‌ನ ನಿಯಮದಂತೆ 45 ಆಂಪಿಯರಿಗೆ 1.1 ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತದೆ. ಕನ್ವರ್ಟರಿನ ಬಾಯಲ್ಲಿ 14.4 ಇದ್ದರೆ ಬ್ಯಾಟರಿಗೆ ಮುಟ್ಟುವುದು 13.3. ಬ್ಯಾಟರಿ ತುಂಬಿತೆಂದು ಭ್ರಮಿಸಿ ಪೆಟ್ಟಿಗೆ ಬೇಗನೆ ಕೈ ಬಿಗಿಹಿಡಿಯುತ್ತದೆ. 80 ಆಂಪಿಯರಂತೂ ಆ ತಂತಿಗೆ ಅಪಾಯ. ತಂತಿ ಕಾದು ಮರದ ಗೋಡೆಗೆ ಬೆಂಕಿ ತಗಲಬಹುದು.

ಪರಿಹಾರ ಸರಳ. ಕನ್ವರ್ಟರನ್ನೇ ಬ್ಯಾಟರಿಯ ಹತ್ತಿರ, ಮುಂಭಾಗದ ಮಂಚದ ಕೆಳಗಿನ ಖಾನೆಗೆ ಸರಿಸಿದರೆ ದೂರ ಐದೇ ಅಡಿ. 6 ಗೇಜಿನ ತಂತಿ ಹಾಕಿದರೆ ನಷ್ಟ 0.2 ವೋಲ್ಟನ್ನೂ ಮುಟ್ಟದು. ಉಳಿದ ದೂರವನ್ನು 120 ವೋಲ್ಟಿನ ಕೇಬಲ್ ದಾಟುತ್ತದೆ. ಅದರಲ್ಲಿ ಹರಿಯುವುದು 9 ಆಂಪಿಯರ್ ಮಾತ್ರ. ದೂರಕ್ಕೆ ಹೆಚ್ಚು ವೋಲ್ಟೇಜು, ಕಡಿಮೆ ಪ್ರವಾಹ ಎಂಬ ಈ ಉಪಾಯ ನಮಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಿದ್ದು ಇದೇ ತತ್ವದ ಮೇಲೆ. ಒಂದು ಎಚ್ಚರಿಕೆ: ಕನ್ವರ್ಟರ್ ಬ್ಯಾಟರಿಗೆ ಹತ್ತಿರವಿರಬೇಕೇ ಹೊರತು ಅದರ ಪೆಟ್ಟಿಗೆಯೊಳಗಲ್ಲ. ತುಂಬುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಒಂದು ಕಿಡಿ ಸಾಕು.

ಕೊನೆಯದು ತುಂಬುವ ಬಗೆ. ಹಳೆಯ ಕಾಲದ ಕನ್ವರ್ಟರುಗಳಲ್ಲಿ ಭಾರದ ಟ್ರಾನ್ಸ್‌ಫಾರ್ಮರ್ ಗುಂಯ್ಗುಡುತ್ತಿತ್ತು. ಅವು ಬ್ಯಾಟರಿ ಖಾಲಿಯಿರಲಿ ತುಂಬಿರಲಿ ಹೆಚ್ಚುಕಡಿಮೆ ಒಂದೇ ವೋಲ್ಟೇಜು ಒತ್ತುತ್ತಿದ್ದವು. ಹಸಿದವನಿಗೂ ಉಂಡವನಿಗೂ ಒಂದೇ ಅಳತೆಯ ಮುದ್ದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಬ್ಯಾಟರಿಯ ನೀರು ಕುದಿದು ಆರಿಹೋಗುತ್ತಿತ್ತು. ಈಗಿನವು 120 ವೋಲ್ಟಿನ ಎ.ಸಿ.ಯನ್ನು ಮೊದಲು ಸುಮಾರು 170 ವೋಲ್ಟಿನ ಡಿ.ಸಿ. ಮಾಡಿ, ಸೆಕೆಂಡಿಗೆ ಸಾವಿರಾರು ಬಾರಿ ತುಂಡರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಇಳಿಸುತ್ತವೆ. ಆದ್ದರಿಂದಲೇ ಹಗುರ. ಒಳ್ಳೆಯ ಮಾದರಿಗಳು ಮೊದಲು 14.4, ಬಳಿಕ 13.6, ಸುಮ್ಮನೆ ನಿಂತಾಗ 13.2 ವೋಲ್ಟು ಎಂದು ಹಂತಹಂತವಾಗಿ ಉಣಿಸುತ್ತವೆ. ಈಗ ಜನಪ್ರಿಯವಾಗಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಬೇಕಾದ ಅಳತೆಯೇ ಬೇರೆ. ಅದರ ಕನ್ವರ್ಟರುಗಳು ಸಾಮಾನ್ಯವಾಗಿ 14.6 ವೋಲ್ಟಿನವು. ಮುಂದೆ ಎಂದಾದರೂ ಅದನ್ನು ಹಾಕುವ ಆಸೆ ಭಾವನಿಗಿತ್ತು. ಆದ್ದರಿಂದ ಎರಡಕ್ಕೂ ಒಂದು ಸ್ವಿಚ್ಚಿನಿಂದ ಹೊಂದಿಸಬಹುದಾದ 45 ಆಂಪಿಯರಿನದನ್ನು ಆರಿಸಿದೆವು. ಮಾರುವಾತ 80ರದನ್ನು ಮೌನವಾಗಿ ಹಿಂದಕ್ಕಿಟ್ಟ.

ಒಂಟೆಯ ಗೋರಿ

ದಾರಿಯಲ್ಲಿ ಊರ ಸ್ಮಶಾನಕ್ಕೆ ಹೋಗಿದ್ದೆವು. ಅಲ್ಲಿ ಕಲ್ಲಿನ ಪುಟ್ಟ ಪಿರಮಿಡ್ಡು, ತುದಿಯಲ್ಲಿ ತಾಮ್ರದ ಒಂಟೆ. ಹಾಜಿ ಅಲಿ ಎಂಬಾತನ ಸಮಾಧಿ. ಅಮೆರಿಕನ್ನರ ನಾಲಿಗೆಯಲ್ಲಿ ಆತ 'ಹೈ ಜಾಲಿ'. ಮರುಭೂಮಿಯಲ್ಲಿ ಸಾಮಾನು ಹೊರಲು ಅಮೆರಿಕದ ಸೇನೆ 1856ರಲ್ಲಿ ಒಂಟೆಗಳನ್ನು ತರಿಸಿಕೊಂಡಾಗ ಅವುಗಳ ಜೊತೆ ಬಂದವನು. ಒಂಟೆಗಳು ಹೇಸರಗತ್ತೆಗಿಂತ ಹೆಚ್ಚು ಭಾರ ಹೊತ್ತವು, ಕಡಿಮೆ ನೀರು ಕುಡಿದವು. ಆದರೆ ಅವುಗಳನ್ನು ಕಂಡರೆ ಕುದುರೆ, ಹೇಸರಗತ್ತೆಗಳು ಬೆದರಿ ಓಡುತ್ತಿದ್ದವು; ಸೈನಿಕರಿಗೂ ಅವು ಒಗ್ಗಲಿಲ್ಲ. ಅಂತರ್ಯುದ್ಧದ ಗದ್ದಲದಲ್ಲಿ ಪ್ರಯೋಗವೇ ನಿಂತುಹೋಯಿತು. ಹಾಜಿ ಅಲಿ ಈ ಊರಿನಲ್ಲೇ 1902ರಲ್ಲಿ ತೀರಿಕೊಂಡ. ಸ್ಮಾರಕ ಎದ್ದದ್ದು 1935ರಲ್ಲಿ.

ಭಾವ ಬಹಳ ಹೊತ್ತು ಆ ತಾಮ್ರದ ಒಂಟೆಯನ್ನೇ ನೋಡುತ್ತಿದ್ದು, "ಅಂತೂ ಒಂಟೆ ಒಳ್ಳೇದೇ, ಮಿಕ್ಕಿದ್ದಕ್ಕೆ ಹೊಂದ್ಲಿಲ್ಲ ಅಷ್ಟೆ. ನಮ್ಮ 80 ಆಂಪಿಯರ್ ಹಾಗೆ" ಎಂದರು. ನಾನು ಕರಪತ್ರದ ಮೇಲೆ ಹಾಕಿದ ಲೆಕ್ಕಗಳ ಸಾರವನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಕಪ್ಪು ತಂತಿ

ಮಧ್ಯಾಹ್ನ ನೆರೆಯ ಮುದುಕರೇ ಬಂದು 120 ವೋಲ್ಟಿನ ಕೆಲಸವನ್ನು ತಮ್ಮ ಕೈಯಾರೆ ಮಾಡಿಕೊಟ್ಟರು. ಆ ಕಡೆಗೆ ಕಲಿಯದವರು ಕೈಹಾಕಬಾರದು. ಜನರೇಟರಿನ ಪ್ಲಗ್ಗು ಕಿತ್ತು, ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಿ, ಹಳೆಯದನ್ನು ಹೊರತೆಗೆದೆವು. ಬ್ಯಾಟರಿಗೆ ಹೊಸ ತಂತಿ ಸೇರಿಸುವ ಹೊತ್ತಿಗೆ ಭಾವ ಕಪ್ಪು ತಂತಿಯನ್ನು ಹಿಡಿದು ಋಣ ತುದಿಯ ಕಡೆಗೆ ಒಯ್ದರು. ಕಾರಿನಲ್ಲಿ ಕೆಂಪು ಧನ, ಕಪ್ಪು ಋಣ ತಾನೇ? "ನಿಲ್ಲಿ, ನಿಲ್ಲಿ!" ಎಂದು ಮುದುಕರು ಕೂಗಿದರು. ಬಂಡಿಮನೆಗಳ 12 ವೋಲ್ಟಿನ ತಂತಿಗಳಲ್ಲಿ ಎಷ್ಟೋ ಕಡೆ ಬಿಳಿಯದು ಋಣ, ಕಪ್ಪು ಧನ. ಬಣ್ಣ ನೋಡಿ ನಂಬದೆ ಮೀಟರಿಟ್ಟು ನೋಡಿದೆವು. ಕಪ್ಪೇ ಧನ. ಧನ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಹಾಕಿ ಕೆಲಸ ಮುಗಿಸಿದೆವು.

ಜನರೇಟರ್ ಚಾಲೂ ಆಯಿತು. ಬ್ಯಾಟರಿಯ ಮೇಲೆ ಮೀಟರು ಮೊದಲು 13.1 ತೋರಿಸಿತು. ಅರ್ಧ ಗಂಟೆಗೆ 13.5. ಗಂಟೆ ದಾಟಿದ ಮೇಲೆ ಮೆಲ್ಲಮೆಲ್ಲಗೆ 14ನ್ನು ಮುಟ್ಟಿತು. ಹಾಲು ಕಾಯುವುದನ್ನು ನೋಡುವವರಂತೆ ನಾವು ಮೂವರೂ ಸುತ್ತ ನಿಂತಿದ್ದೆವು.

ಆ ರಾತ್ರಿ ಚಳಿ ಹಿಂದಿನಷ್ಟೇ ಇತ್ತು. ಹೀಟರಿನ ಫ್ಯಾನು ಆಗಾಗ ಎದ್ದು ಬಿಸಿಗಾಳಿ ಊದಿ ಮಲಗುತ್ತಿತ್ತು. ಭಾವನ ಯಂತ್ರ ಒಂದೇ ಸಮನೆ ಉಸಿರಾಡುತ್ತಿತ್ತು. ಮೂರು ಗಂಟೆಗೆ ನನಗೆ ತಾನಾಗಿ ಎಚ್ಚರವಾಯಿತು. ಅಕ್ಕ ಗಾಢ ನಿದ್ದೆಯಲ್ಲಿದ್ದಳು.

ತಂದೆತಾಯಿಯರಲ್ಲಿ ಒಂದು ಮಾತು. ಮನೆಯ ಇನ್ವರ್ಟರ್ ಕೈಕೊಟ್ಟಾಗ ಹೊಸ ಬ್ಯಾಟರಿಗೆ ದುಡ್ಡು ತೆಗೆಯುವ ಮೊದಲು, ಮಗನನ್ನೋ ಮಗಳನ್ನೋ ಕರೆದು, ನೀವು ಪಕ್ಕದಲ್ಲೇ ನಿಂತು, ಬ್ಯಾಟರಿಯ ಎರಡು ತುದಿಗಳ ವೋಲ್ಟೇಜನ್ನು ಅಳೆಯಲು ಹೇಳಿ. ಕರೆಂಟು ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ. ಎರಡೂ ಸಲ ಅಂಕಿ ಒಂದೇ ಇದ್ದರೆ ಬ್ಯಾಟರಿಯನ್ನು ದೂರುವ ಮುಂಚೆ ಚಾರ್ಜರನ್ನು ಸಂಶಯಿಸಿ. 230 ವೋಲ್ಟಿನ ಕಡೆ ಮಾತ್ರ ಕೈಹಾಕುವುದು ಬೇಡ.

ಭಾವ ಈಗ ದಿನಚರಿಯ ಪುಸ್ತಕವೊಂದನ್ನು ಟ್ರೈಲರಿನ ಬಾಗಿಲಿಗೆ ನೇತುಹಾಕಿದ್ದಾರೆ. ಪ್ರತಿದಿನ ಬೆಳಿಗ್ಗೆ ಅದರಲ್ಲಿ ಒಂದೇ ಒಂದು ಅಂಕಿ ಬರೆಯುತ್ತಾರೆ. ಪ್ರವಾಸದಲ್ಲಿದ್ದಾಗ ಫೋನು ಮಾಡಿದರೆ ಯೋಗಕ್ಷೇಮಕ್ಕಿಂತ ಮೊದಲು ಕೇಳಿಬರುವುದು ಅದೇ: "ಮೇಷ್ಟ್ರೇ, ಇವತ್ತು 12.5."